ಪಿಪಿಟಿಗೆ ದನಿ ಕೊಟ್ಟು ಯೂಟ್ಯೂಬ್‌ಗೆ ಏರಿಸೋದು: ಚಿಕ್ಕಮ್ಮನ 22 ಪಾಠ ಆದ್ಮೇಲೆ ಬರೆದ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ನಾನು ವಿಡಿಯೋ ಎಡಿಟರ್ ಅಲ್ಲ, ಮೇಷ್ಟ್ರೂ ಅಲ್ಲ. ನಮ್ಮ ಚಿಕ್ಕಮ್ಮ ಸಾಗರದ ಕಡೆ ಹೈಸ್ಕೂಲಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವ್ರು. ಕೊರೋನಾ ಟೈಮಲ್ಲಿ ಹತ್ತನೇ ಕ್ಲಾಸಿಗೆ ಅಂತ ಮಾಡಿಟ್ಟ ಪಿಪಿಟಿಗಳು ಒಂದು ಪೆನ್‌ಡ್ರೈವ್ ತುಂಬ ಇದ್ವು, ಅವನ್ನೆಲ್ಲ ದನಿ ಸಮೇತ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕ್ಬೇಕು ಅನ್ನೋದು ಅವರ ಆಸೆ, ಮನೇಲಿ ಕಂಪ್ಯೂಟರ್ ಗೊತ್ತಿರೋನು ಅಂದ್ರೆ ನಾನೊಬ್ಬನೇ, ಹಂಗಾಗಿ ಕೆಲಸ ನನ್ನ ತಲೆಗೆ ಬಂತು. ಇಲ್ಲಿವರೆಗೆ 22 ಪಾಠ ಏರಿಸಿದೀವಿ. ಈ ಮಧ್ಯೆ ನಾಲ್ಕು ಬೇರೆ ಬೇರೆ ದಾರಿ ನೋಡಿ ಆಯ್ತು: ಪೇಟೆಯ ಒಂದು ಸ್ಟುಡಿಯೋ, ಒಂದು ಆನ್‌ಲೈನ್ ಕನ್ವರ್ಟರ್ ಸೈಟು, ಓಬಿಎಸ್ ಅನ್ನೋ ಸ್ಕ್ರೀನ್ ರೆಕಾರ್ಡ್ ಮಾಡೋ ಸಾಫ್ಟ್‌ವೇರು, ಕೊನೆಗೆ ಪವರ್‌ಪಾಯಿಂಟ್ ಒಳಗೇ ಇರೋ ರೆಕಾರ್ಡಿಂಗು. ನಮಗೆ ಕೈ ಹಿಡಿದಿದ್ದು ಕೊನೇದು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಟೀ ಇಟ್ಕೊಂಡು ಓದಿ.

ಸ್ಟುಡಿಯೋ ಕಥೆ ಮೊದ್ಲು ಹೇಳ್ಬೇಕು. ಪೇಟೇಲಿ ಮದುವೆ, ಗೃಹಪ್ರವೇಶ, ಉಪನಯನ ಎಲ್ಲ ಶೂಟ್ ಮಾಡೋ ಒಂದು ಅಂಗಡಿ ಇದೆ, ಹೆಸರು ಬೇಡ, ಪಾಪ ಒಳ್ಳೇ ಜನಾನೇ. ಚಿಕ್ಕಮ್ಮ ಅಲ್ಲಿ ಹೋಗಿ "ನಂದು ದನಿ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಟ್ರೆ ಸ್ಲೈಡಿಗೆ ಸೇರಿಸಿ ವಿಡಿಯೋ ಮಾಡಿಕೊಡ್ತೀರಾ" ಅಂದ್ರಂತೆ. "ಆಯ್ತು ಮೇಡಂ, ಒಂದು ಪಾಠಕ್ಕೆ ಆರ್ನೂರು" ಅಂದ್ರಂತೆ. ಸರಿ, ಸ್ಯಾಂಪಲ್ ಅಂತ ಹೃದಯದ ಪಾಠ ಕೊಟ್ವಿ. ಹತ್ತು ದಿನ ಬಿಟ್ಟು ವಿಡಿಯೋ ಬಂತು. ಪ್ಲೇ ಮಾಡಿದ್ರೆ, ಹಿನ್ನೆಲೇಲಿ ಶಹನಾಯಿ. ಸ್ಲೈಡ್ ಬದಲಾಗೋವಾಗೆಲ್ಲ ಕೆಂಪು ಹಾರ್ಟುಗಳು ಎಡದಿಂದ ಬಲಕ್ಕೆ ಹಾರ್ಕೊಂಡು ಹೋಗ್ತಿವೆ. ಹೃತ್ಕರ್ಣ, ಹೃತ್ಕುಕ್ಷಿ ಅಂತ ಚಿಕ್ಕಮ್ಮ ಗಂಭೀರವಾಗಿ ಹೇಳ್ತಿದ್ರೆ ಅದರ ಮೇಲೆ ರಿಸೆಪ್ಷನ್ ವಿಡಿಯೋದ ಮಿಂಚು. ಚಿಕ್ಕಪ್ಪ ಅಂತೂ ಕುರ್ಚಿಯಿಂದ ಬೀಳೋದೊಂದು ಬಾಕಿ, ಅಷ್ಟು ನಕ್ಕಿದ್ದು.

ಆದ್ರೆ ನಗು ನಿಂತಿದ್ದು ಅಕ್ಷರ ನೋಡಿದಾಗ. ಚಿಕ್ಕಮ್ಮ ಹಳೇ ಕಾಲದವ್ರು, ಅರ್ಧ ಸ್ಲೈಡು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ರು, ಈಗ ಎಲ್ಲ ಕಡೆ ಓದೋಕೆ ಬರೋ ಯುನಿಕೋಡ್ ಅಲ್ಲ. ಆ ಫಾಂಟು ಇಲ್ಲದ ಕಂಪ್ಯೂಟರಲ್ಲಿ ಅಂಥ ಫೈಲ್ ತೆಗೆದ್ರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಕ್ಕೆ ಟೋಪಿ, ಬಾಲ, ಕೊಂಬು ಇಟ್ಟಂಗೆ ಏನೇನೋ ಕಾಣುತ್ತೆ, ಸರ್ಕಾರಿ ಆಫೀಸಿನ ಹಳೇ ಫೈಲ್ ತೆಗೆದವ್ರಿಗೆಲ್ಲ ಇದು ಗೊತ್ತು. ಸ್ಟುಡಿಯೋದವ್ರು ಅದನ್ನ ಹಂಗೇ ವಿಡಿಯೋ ಮಾಡಿದಾರೆ! ಕೇಳಿದ್ರೆ "ನೀವು ಕೊಟ್ಟಿದ್ದೇ ಹಂಗೆ ಇತ್ತು ಮೇಡಂ" ಅಂತ ಉತ್ತರ. ಸರಿ ಮಾಡಿಕೊಡಿ ಅಂದ್ರೆ ಮತ್ತೆ ಇನ್ನೂರು. ಅಲ್ಲಿಗೆ ಆ ಸಂಬಂಧ ಮುಗೀತು.

ಇಲ್ಲೊಂದು ಮಾತು ಪಕ್ಕಕ್ಕೆ. ಸ್ಲೈಡನ್ನ ವಿಡಿಯೋ ಮಾಡೋದ್ರಲ್ಲಿ ನಮ್ಮಂಥ ಕನ್ನಡದವ್ರಿಗೆ ಸಿಗೋ ದೊಡ್ಡ ಲಾಭ ಇದೇ: ಫಾಂಟಿನ ತಲೆನೋವು ನಿಮ್ಮ ಮನೇಲೇ ಮುಗಿದು ಹೋಗುತ್ತೆ. ಪಿಪಿಟಿ ಕಳಿಸಿದ್ರೆ ಎದುರಿನವ್ರ ಫೋನಲ್ಲಿ ಹೆಂಗೆ ಕಾಣುತ್ತೋ ದೇವ್ರೇ ಬಲ್ಲ, ವಿಡಿಯೋ ಆದ್ಮೇಲೆ ಅಕ್ಷರ ಅನ್ನೋದು ಚಿತ್ರ ಆಗ್ಬಿಡುತ್ತೆ, ನಿಮ್ಮ ಸ್ಕ್ರೀನಲ್ಲಿ ಸರಿ ಇದ್ರೆ ಎಲ್ಲರ ಸ್ಕ್ರೀನಲ್ಲೂ ಸರಿ. ಅದಕ್ಕೆ ವಿಡಿಯೋ ಮಾಡೋ ಕಂಪ್ಯೂಟರು ಪಿಪಿಟಿ ತಯಾರಾದ ಕಂಪ್ಯೂಟರೇ ಆಗಿರ್ಲಿ. ನಾನು ಆಮೇಲೆ ಎಲ್ಲಾ ಪಾಠಾನೂ ಯುನಿಕೋಡಿಗೆ ಕನ್ವರ್ಟ್ ಮಾಡಿ ನೋಟೋ ಸಾನ್ಸ್ ಕನ್ನಡ ಅನ್ನೋ ಫಾಂಟ್ ಹಾಕಿದೆ, ಒತ್ತಕ್ಷರ ಚಿಕ್ಕ ಸೈಜಲ್ಲೂ ಸ್ಪಷ್ಟ ಇರುತ್ತೆ. ಹಳೇ ವಿಂಡೋಸಲ್ಲೇ ಬರ್ತಿದ್ದ ತುಂಗಾ ಫಾಂಟೂ ನಡೆಯುತ್ತೆ, ಆದ್ರೆ ಫೋನಲ್ಲಿ ನೋಡೋವ್ರಿಗೆ ತೆಳು ಅನ್ಸುತ್ತೆ ನನಗೆ. ಕನ್ವರ್ಟ್ ಮಾಡೋವಾಗ ಅರ್ಕಾವತ್ತು ಕೆಲವು ಕಡೆ ಪಲ್ಟಿ ಹೊಡೀತು, ಅದನ್ನ ಚಿಕ್ಕಮ್ಮನೇ ಕೂತು ತಿದ್ದಿದ್ರು. ಕೆಂಪು ಪೆನ್ನಿನ ಅಭ್ಯಾಸ, ಬಿಡಲ್ಲ.

ಆನ್‌ಲೈನ್ ಸೈಟ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. "ಪಿಪಿಟಿ ಹಾಕಿ ಎಂಪಿಫೋರ್ ತಗೊಳ್ಳಿ, ಫ್ರೀ" ಅಂತಿತ್ತು. ಹಾಕಿದ್ವಿ, ವಿಡಿಯೋ ಬಂತು, ದನಿ ಇಲ್ಲ, ಅನಿಮೇಶನ್ ಇಲ್ಲ, ಪ್ರತಿ ಸ್ಲೈಡೂ ಲೆಕ್ಕ ಇಟ್ಟಂಗೆ ಐದು ಸೆಕೆಂಡು, ಮಧ್ಯದಲ್ಲಿ ಅವರ ಸೈಟಿನ ಹೆಸರು ಅಡ್ಡಡ್ಡ. ಇನ್ನೊಂದು ವಿಷಯ, ನಿಮ್ಮ ಫೈಲು ಯಾವುದೋ ಊರಿನ ಸರ್ವರಿಗೆ ಹೋಗಿ ಕೂತಿರುತ್ತೆ. ಪಾಠದ ಪಿಪಿಟಿ ಆದ್ರೆ ಪರವಾಗಿಲ್ಲ, ಆಫೀಸಿಂದು ಆದ್ರೆ ಹುಷಾರು.

ಓಬಿಎಸ್ ಒಳ್ಳೇ ಸಾಫ್ಟ್‌ವೇರು, ಸುಮ್ನೆ ಬೈಯೋ ಹಂಗಿಲ್ಲ. ಫ್ರೀ, ಓಪನ್ ಸೋರ್ಸ್, ಲಿನಕ್ಸಲ್ಲೂ ಓಡುತ್ತೆ. ಲಿಬ್ರೆಆಫೀಸ್ ಇಂಪ್ರೆಸ್ ಬಳಸೋವ್ರಿಗೆ ಇದೇ ದಾರಿ. ಸ್ಲೈಡ್‌ಶೋ ಓಡಿಸಿ, ಮಾತಾಡ್ತಾ ಹೋಗಿ, ಅದು ಸ್ಕ್ರೀನನ್ನೂ ದನೀನೂ ಹಿಡ್ಕೊಳ್ಳುತ್ತೆ. ಒಂದು ಸಲಹೆ, ಎಂಕೆವಿ ಫಾರ್ಮ್ಯಾಟಲ್ಲಿ ರೆಕಾರ್ಡ್ ಮಾಡಿ, ಮಧ್ಯೆ ಕರೆಂಟ್ ಹೋಗಿ ಸಿಸ್ಟಮ್ ಆಫ್ ಆದ್ರೂ ಅಲ್ಲಿವರೆಗಿಂದು ಉಳಿಯುತ್ತೆ, ಸಾದಾ ಎಂಪಿಫೋರಲ್ಲಿ ಮಾಡಿದ್ರೆ ಇಡೀ ಫೈಲೇ ತೆರೆಯದೆ ಹೋಗ್ಬಹುದು. ಆಮೇಲೆ ಅದರ ಫೈಲ್ ಮೆನುವಲ್ಲೇ ರೀಮಕ್ಸ್ ಅಂತ ಇದೆ, ಎರಡೇ ನಿಮಿಷದಲ್ಲಿ ಎಂಪಿಫೋರ್ ಆಗುತ್ತೆ. ಮಲೆನಾಡಲ್ಲಿ ಮಳೆಗಾಲದ ಕರೆಂಟ್ ಹೆಂಗೆ ಅಂತ ನಾನು ಬಿಡಿಸಿ ಹೇಳ್ಬೇಕಾ.

ಆದ್ರೆ ಚಿಕ್ಕಮ್ಮನಿಗೆ ಓಬಿಎಸ್ ಆಗಿಬರ್ಲಿಲ್ಲ, ಕಾರಣ ಸಾಫ್ಟ್‌ವೇರ್ ಅಲ್ಲ, ಒಂದೇ ಉಸಿರಲ್ಲಿ ಮುಗಿಸ್ಬೇಕು ಅನ್ನೋ ಒತ್ತಡ. ಹದಿನೈದು ನಿಮಿಷದ ಪಾಠ, ಹನ್ನೊಂದನೇ ನಿಮಿಷದಲ್ಲಿ ಕುಕ್ಕರ್ ಕೂಗ್ತು ಅಂದ್ರೆ ಮತ್ತೆ ಮೊದಲಿಂದ. ಇಲ್ಲಾ ಎಡಿಟಿಂಗ್ ಕಲೀಬೇಕು. ಅವ್ರು ಬೆಳಕಿನ ಪಾಠ ಐದು ಸಲ ಶುರು ಮಾಡಿದ್ರು, ಐದೂ ಸಲ ಎಲ್ಲೋ ಒಂದ್ಕಡೆ ತಡವರಿಸಿದ್ರು. ಆರನೇ ಸಲ "ಮೂವತ್ತು ವರ್ಷ ಕ್ಲಾಸಲ್ಲಿ ನಾನು ಇಷ್ಟು ಸಲ ತೊದಲಿಲ್ಲ ಮಾರಾಯ, ಎದ್ರಿಗೆ ಮಕ್ಕಳ ಮುಖ ಇಲ್ದಿದ್ರೆ ಬಾಯೇ ಬರಲ್ಲ" ಅಂತ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ದನಕ್ಕೆ ಹುಲ್ಲು ಹಾಕೋಕೆ ಹೋಗ್ಬಿಟ್ರು.

ಈಗ ಅಸಲು ವಿಷಯ. ಪವರ್‌ಪಾಯಿಂಟಲ್ಲಿ ರೆಕಾರ್ಡ್ ಸ್ಲೈಡ್ ಶೋ ಅಂತ ಇದೆಯಲ್ಲ, ಅದು ಬಹಳ ವರ್ಷದಿಂದ ಇದ್ರೂ ಜನ ಅದನ್ನ ಕಣ್ಣೆತ್ತಿ ನೋಡಿಲ್ಲ. ವಿಡಿಯೋ ಆಗಿ ಉಳಿಸೋ ಸೌಲಭ್ಯ 2010ರ ಆವೃತ್ತಿಯಲ್ಲೇ ಬಂತು, ಆಗ ಡಬ್ಲ್ಯುಎಂವಿ ಫಾರ್ಮ್ಯಾಟ್ ಮಾತ್ರ, 2013ರಲ್ಲಿ ಎಂಪಿಫೋರ್ ಸೇರ್ತು. ಇದರ ಗುಟ್ಟು ಏನಂದ್ರೆ ದನಿಯನ್ನ ಅದು ಒಂದು ಉದ್ದ ದಾರ ಥರ ಹಿಡಿಯಲ್ಲ, ಹೂವು ಕಟ್ಟಿದಂಗೆ ಸ್ಲೈಡಿಗೊಂದು ಸ್ಲೈಡಿಗೊಂದು ಅಂತ ಬೇರೆ ಬೇರೆ ತುಂಡಾಗಿ ಆಯಾ ಸ್ಲೈಡಲ್ಲೇ ಇಡುತ್ತೆ. ಏಳನೇ ಸ್ಲೈಡಲ್ಲಿ ತಪ್ಪು ಹೇಳಿದ್ರೆ ಏಳನೇ ಸ್ಲೈಡಿಗೆ ಹೋಗಿ, "ಕರೆಂಟ್ ಸ್ಲೈಡ್", ಅಂದ್ರೆ ಈಗಿರೋ ಸ್ಲೈಡಿಂದ ರೆಕಾರ್ಡ್ ಅಂತ ಕೊಟ್ಟು, ಅದೊಂದನ್ನೇ ಮತ್ತೆ ಹೇಳಿ ನಿಲ್ಲಿಸಿದ್ರೆ ಮುಗೀತು. ಆರನೇದು, ಎಂಟನೇದು ಹಂಗೇ ಇರುತ್ತವೆ. ಇವತ್ತು ನಾಲ್ಕು ಸ್ಲೈಡು, ನಾಳೆ ನಾಲ್ಕು ಸ್ಲೈಡು ಅಂತ ಮಾಡಿದ್ರೂ ಆಯ್ತು.

ಇದು ಗೊತ್ತಾದ ದಿನ ಚಿಕ್ಕಮ್ಮನ ಮುಖ ನೋಡ್ಬೇಕಿತ್ತು. ಗೋಳೀಯ ದರ್ಪಣದ ಪಾಠದಲ್ಲಿ ಒಂದು ಕಡೆ ನಿಮ್ನ ಅನ್ನೋ ಬದಲು ಪೀನ ಅಂದ್ಬಿಟ್ಟಿದ್ರು. ಸ್ಲೈಡಲ್ಲಿ ನಿಮ್ನ ದರ್ಪಣದ ಚಿತ್ರ, ಬಾಯಲ್ಲಿ ಪೀನ. ಹಳೇ ಲೆಕ್ಕದಲ್ಲಿ ಇಡೀ ಪಾಠ ಮತ್ತೆ. ಈಗ ನಲವತ್ತು ಸೆಕೆಂಡಿನ ಒಂದೇ ಸ್ಲೈಡು ಮತ್ತೆ ಹೇಳಿದ್ರು. "ಇಷ್ಟೇನಾ? ಇದನ್ನ ಮೊದ್ಲೇ ಹೇಳೋದಲ್ವೇನೋ!" ಅಂತ ನನಗೇ ಬೈಗುಳ.

ಸ್ಲೈಡಲ್ಲಿ ನೀವು ಯಾವಾಗ ಕ್ಲಿಕ್ ಮಾಡಿ ಮುಂದಿನ ಸಾಲು ತಂದ್ರಿ ಅನ್ನೋದನ್ನೂ ಅದು ನೆನಪಿಟ್ಕೊಳ್ಳುತ್ತೆ. ಕಂಟ್ರೋಲ್ ಒತ್ತಿ ಹಿಡಿದು ಮೌಸ್ ಎಳೆದ್ರೆ ಕೆಂಪು ಚುಕ್ಕಿ ಬರುತ್ತೆ, ಲೇಸರ್ ಪಾಯಿಂಟರ್ ಥರ, ಅದೂ ವಿಡಿಯೋದಲ್ಲಿ ಬರುತ್ತೆ. ಪೆನ್ನೂ ಇದೆ, ಆದ್ರೆ ಮೌಸಲ್ಲಿ ಕನ್ನಡ ಬರೆಯೋದು ಅಂದ್ರೆ ಎಡಗೈಲಿ ರಂಗೋಲಿ ಹಾಕಿದಂಗೆ, ನಾವು ಒಂದೇ ಸಲ ಮಾಡಿ ಬಿಟ್ವಿ. ರಕ್ತ ಬಲ ಹೃತ್ಕರ್ಣದಿಂದ ಬಲ ಹೃತ್ಕುಕ್ಷಿಗೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಎಡಭಾಗಕ್ಕೆ ವಾಪಸ್ ಬರೋ ದಾರೀನ ಆ ಕೆಂಪು ಚುಕ್ಕಿಯಲ್ಲೇ ನಿಧಾನಕ್ಕೆ ಎಳೆದು ತೋರಿಸಿದಾರೆ, ಬೋರ್ಡ್ ಮುಂದೆ ಕೋಲು ಹಿಡಿದು ನಿಂತಂಗೇ ಇದೆ.

ಒಂದು ಕಡೆ ಮಾತ್ರ ನಾವು ಎಡವಿದ್ವಿ, ನೀವೂ ಎಡವ್ತೀರ. ಒಂದು ಸ್ಲೈಡಿಂದ ಇನ್ನೊಂದಕ್ಕೆ ಹೋಗೋ ಟ್ರಾನ್ಸಿಶನ್ ನಡೆಯೋವಾಗ ದನಿ ರೆಕಾರ್ಡ್ ಆಗಲ್ಲ. ಇದು ಗುಟ್ಟೇನಲ್ಲ, ಮೈಕ್ರೋಸಾಫ್ಟಿನ ಸಹಾಯದ ಪುಟದಲ್ಲೇ ಬರೆದಿದೆ, ನಾನು ಓದಿರ್ಲಿಲ್ಲ ಅಷ್ಟೇ. ಚಿಕ್ಕಮ್ಮನಿಗೆ ಕ್ಲಿಕ್ ಮಾಡ್ತಾನೇ ಮಾತು ಶುರು ಮಾಡೋ ಅಭ್ಯಾಸ. ಹಂಗಾಗಿ "ನೋಡಿ ಮಕ್ಕಳೇ" ಅನ್ನೋದು "ಡಿ ಮಕ್ಕಳೇ" ಆಯ್ತು, "ಹಾಗಾದರೆ" ಅನ್ನೋದು "ಗಾದರೆ" ಆಯ್ತು. ಮೊದಲನೇ ಪಾಠದಲ್ಲಿ ಹದಿನಾಲ್ಕು ಸ್ಲೈಡಿದ್ರೆ ಹದಿನಾಲ್ಕರಲ್ಲೂ ತಲೆ ಕತ್ತರಿಸಿದ ಮಾತು. ಮೈಕ್ ಕೆಟ್ಟಿದೆ ಅಂತ ಎರಡು ದಿನ ಮೈಕಿಗೆ ಬೈದೆ. ಆಮೇಲೆ ಎಲ್ಲಾ ಟ್ರಾನ್ಸಿಶನ್ ಕಿತ್ತು ಹಾಕಿ, ಕ್ಲಿಕ್ ಮಾಡಿದ್ಮೇಲೆ ಒಂದು ಉಸಿರು ಎಳ್ಕೊಂಡು ಮಾತಾಡಿ, ಮುಗಿದ್ಮೇಲೂ ಒಂದು ಉಸಿರು ಬಿಟ್ಟು ಕ್ಲಿಕ್ ಮಾಡಿ ಅಂದೆ. ಸರಿ ಹೋಯ್ತು. ಅದೂ ಅಲ್ದೆ ಆ ಉಸಿರಿನ ಜಾಗ ಕೇಳೋವ್ರಿಗೂ ಒಳ್ಳೇದೇ ಆಯ್ತು, ಹುಡುಗರಿಗೆ ಸ್ಲೈಡ್ ಮೇಲೆ ಕಣ್ಣಾಡಿಸೋಕೆ ಟೈಮ್ ಸಿಗುತ್ತೆ.

ದನಿ ಬಗ್ಗೆ ಇನ್ನೂ ಹೇಳ್ಬೇಕು, ಯಾಕಂದ್ರೆ ಹತ್ತರಲ್ಲಿ ಎಂಟು ಪಾಲು ಕೆಲಸ ಇಲ್ಲೇ ಇರೋದು. ಚಿತ್ರ ಸ್ವಲ್ಪ ಮಸುಕಿದ್ರೂ ಜನ ನೋಡ್ತಾರೆ, ದನಿ ಕಿರಿಕಿರಿ ಇದ್ರೆ ಹತ್ತು ಸೆಕೆಂಡಿಗೆ ಮುಚ್ಚಿ ಹೋಗ್ತಾರೆ. ನಮ್ಮ ತಮ್ಮ, ಅಂದ್ರೆ ಚಿಕ್ಕಮ್ಮನ ಮಗ, ಇಂಜಿನಿಯರಿಂಗ್ ಓದೋವಾಗ ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಪಾಠಗಳ ವಿಡಿಯೋ ನೋಡ್ತಿದ್ದ, ಐಐಟಿಗಳು ಮತ್ತೆ ನಮ್ಮ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು ಅದು. ಅದರ ಹಳೇ ವಿಡಿಯೋಗಳಲ್ಲಿ ಯಾವ ಥಳಕೂ ಇಲ್ಲ, ಒಬ್ಬ ಪ್ರೊಫೆಸರ್ರು, ಒಂದು ಬೋರ್ಡೋ ಸ್ಲೈಡೋ, ಆದ್ರೆ ಅದನ್ನೇ ನೋಡಿ ಇವನು ಪಾಸಾದ.

ಮಲೆನಾಡಲ್ಲಿ ದನಿ ರೆಕಾರ್ಡ್ ಮಾಡೋಕೆ ಒಳ್ಳೇ ಕಾಲ ಅನ್ನೋದೇ ಇಲ್ಲ. ಮಳೆಗಾಲದಲ್ಲಿ ತಗಡಿನ ಮೇಲೆ ಮಳೆ, ಚಳಿಗಾಲದಲ್ಲಿ ಪಕ್ಕದ ಮನೆ ಅಂಗಳದಲ್ಲಿ ಅಡಿಕೆ ಸುಲಿಯೋ ಮಷೀನು, ಬೇಸಿಗೇಲಿ ಫ್ಯಾನ್ ಹಾಕಿದ್ರೆ ಫ್ಯಾನಿನ ಸದ್ದು, ಹಾಕ್ದಿದ್ರೆ ಬೆವರು. ನಾವು ಮಧ್ಯದ ಕೋಣೆ ಹಿಡಿದ್ವಿ, ಕಿಟಕಿ ಇಲ್ಲದ ಕತ್ತಲೆ ಕೋಣೆ, ಮೊದ್ಲು ಅಕ್ಕಿ ಮೂಟೆ ಇಡ್ತಿದ್ರಲ್ಲ ಅದು. ಬರಿ ಗೋಡೆ ಇದ್ರೆ ದನಿ ಗುಂಯ್ ಅನ್ನುತ್ತೆ, ಅದಕ್ಕೆ ಎರಡು ಗೋಡೆಗೆ ಹಳೇ ಕಂಬಳಿ ನೇತು ಹಾಕಿ, ಲ್ಯಾಪ್‌ಟಾಪ್ ಕೆಳಗೆ ಮಡಚಿದ ಜಮಖಾನ ಇಟ್ವಿ. ಇದಕ್ಕಿಂತ ಒಳ್ಳೇ ಸ್ಟುಡಿಯೋ ನನಗೆ ಗೊತ್ತಿಲ್ಲ. ಲ್ಯಾಪ್‌ಟಾಪಿನ ಒಳಗಿನ ಮೈಕ್ ಮಾತ್ರ ಬೇಡ, ಅದು ನಿಮ್ಮ ದನಿಗಿಂತ ಚೆನ್ನಾಗಿ ಅದರದೇ ಫ್ಯಾನಿನ ದನಿ ಹಿಡಿಯುತ್ತೆ. ನಾವು ಕಾಲರ್ ಮೈಕ್ ತಗೊಂಡ್ವಿ, ಅಗ್ಗದ್ದೇ.

ಆ ಕಾಲರ್ ಮೈಕಿಂದ ಮೂರು ಪಾಠ ಹಾಳಾಯ್ತು. ಎರಡು ಮಾತಿಗೊಮ್ಮೆ ಗರ್ರ್, ಕಿರ್ರ್ ಅಂತ ಸದ್ದು. ವೈರ್ ಬದಲಾಯಿಸಿದೆ, ಪೋರ್ಟ್ ಬದಲಾಯಿಸಿದೆ, ಡ್ರೈವರ್ ತೆಗೆದು ಹಾಕಿದೆ. ಕೊನೆಗೆ ಹೆಡ್‌ಫೋನ್ ಹಾಕ್ಕೊಂಡು ಅವರ ಪಕ್ಕ ಕೂತು ನೋಡ್ತಿದ್ರೆ, ಚಿಕ್ಕಮ್ಮ ಸ್ಕ್ರೀನ್ ಕಡೆ ಬಗ್ಗಿದಾಗೆಲ್ಲ ಕರಿಮಣಿ ಸರ ಮೈಕಿಗೆ ಉಜ್ಜುತ್ತಿದೆ! ಅಷ್ಟೇ ಅಲ್ಲ, ಮೌಸ್ ಆಡಿಸಿದಾಗ ಗಾಜಿನ ಬಳೆ ಮೇಜಿಗೆ ತಾಗಿ ಟಿಣ್ ಟಿಣ್. ಸರ ಸೆರಗಿನ ಒಳಗೆ ಹೋಯ್ತು, ಬಳೆಗೆ ಕರ್ಚೀಫ್ ಕಟ್ಟಿದ್ವಿ, ಮೈಕ್ ಸ್ವಲ್ಪ ಮೇಲೆ ರವಿಕೆ ಕೊರಳಿಗೆ ಬಂತು. ಇದನ್ನ ಯಾವ ಟ್ಯುಟೋರಿಯಲ್ಲಲ್ಲೂ ಹೇಳಲ್ಲ ನೋಡಿ, ಯಾಕಂದ್ರೆ ಅದನ್ನ ಮಾಡೋವ್ರೆಲ್ಲ ಟೀ ಶರ್ಟ್ ಹುಡುಗರು.

ಇಷ್ಟಾದ್ಮೇಲೂ ಹಿಂದೆ ಸಣ್ಣ ಸುಂಯ್ ಅನ್ನೋ ಸದ್ದು ಉಳಿದ್ರೆ ಆಡಾಸಿಟಿ ಅನ್ನೋ ದನಿ ತಿದ್ದೋ ಸಾಫ್ಟ್‌ವೇರ್ ಇದೆ, ಅದೂ ಫ್ರೀ. ಯಾರೂ ಮಾತಾಡದ ಎರಡು ಸೆಕೆಂಡ್ ಸೆಲೆಕ್ಟ್ ಮಾಡಿ ನಾಯ್ಸ್ ಪ್ರೊಫೈಲ್ ಅಂತ ಕೊಟ್ರೆ ಅದು ಆ ಸದ್ದಿನ ಗುರುತು ಹಿಡ್ಕೊಳ್ಳುತ್ತೆ, ಆಮೇಲೆ ಇಡೀ ದನಿ ಸೆಲೆಕ್ಟ್ ಮಾಡಿ ನಾಯ್ಸ್ ರಿಡಕ್ಷನ್ ಕೊಟ್ರೆ ಅದನ್ನ ಮಾತ್ರ ತಗ್ಗಿಸುತ್ತೆ. ಜಾಸ್ತಿ ಕೊಡಬೇಡಿ, ಮನುಷ್ಯರು ಕೊಡಪಾನದ ಒಳಗಿಂದ ಮಾತಾಡಿದಂಗೆ ಆಗುತ್ತೆ. ಆದ್ರೆ ದನಿ ಪವರ್‌ಪಾಯಿಂಟ್ ಒಳಗಿದೆಯಲ್ಲ, ಹೊರಗೆ ತೆಗೆಯೋದು ಹೆಂಗೆ? ಇದು ನನಗೆ ಬಹಳ ಇಷ್ಟ ಆದ ಉಪಾಯ: ಪವರ್‌ಪಾಯಿಂಟ್ ಉಳಿಸೋ ಪಿಪಿಟಿಎಕ್ಸ್ ಫೈಲು ಅನ್ನೋದು ಒಳಗಿಂದ ಒಂದು ಜಿಪ್ ಫೈಲ್ ಅಷ್ಟೇ. ಫೈಲಿನ ಒಂದು ಕಾಪಿ ಮಾಡಿ, ಹೆಸರಿನ ಕೊನೇಲಿ ಪಿಪಿಟಿಎಕ್ಸ್ ತೆಗೆದು ಜಿಪ್ ಅಂತ ಮಾಡಿ ಬಿಚ್ಚಿದ್ರೆ ಒಳಗೆ ಮೀಡಿಯಾ ಅಂತ ಒಂದು ಫೋಲ್ಡರ್ ಇರುತ್ತೆ, ಸ್ಲೈಡಿಗೊಂದು ದನಿ ಫೈಲು ಅದರಲ್ಲಿ ಸಾಲಾಗಿ ಕೂತಿರುತ್ತೆ. ಎಂ4ಎ ಅನ್ನೋ ಫಾರ್ಮ್ಯಾಟಿನ ಆ ದನಿ ಫೈಲು ಆಡಾಸಿಟಿಯಲ್ಲಿ ತೆರೀಬೇಕು ಅಂದ್ರೆ ಎಫ್‌ಎಫ್‌ಎಂಪೆಗ್ ಅನ್ನೋ ಇನ್ನೊಂದು ಸಾಫ್ಟ್‌ವೇರನ್ನ ಒಂದು ಸಲ ಹಾಕ್ಕೋಬೇಕು. ಕ್ಲೀನ್ ಮಾಡಿದ ದನೀನ ಇನ್ಸರ್ಟ್ ಆಡಿಯೋ ಅಂತ ಮತ್ತೆ ಸ್ಲೈಡಿಗೆ ಹಾಕಿ, ತಾನಾಗೇ ಶುರುವಾಗ್ಲಿ ಅಂತ ಸೆಟ್ ಮಾಡಿ, ಹಳೇ ದನಿ ಅಳಿಸಿ. ಎಲ್ಲ ಪಾಠಕ್ಕೂ ಮಾಡೋ ಕೆಲಸ ಅಲ್ಲ ಇದು, ತಾಳ್ಮೆ ಬೇಕು, ನಾನು ಎರಡಕ್ಕೆ ಮಾತ್ರ ಮಾಡಿದೆ.

ಎಕ್ಸ್‌ಪೋರ್ಟ್, ಅಂದ್ರೆ ಪಿಪಿಟಿಯನ್ನ ವಿಡಿಯೋ ಫೈಲ್ ಮಾಡೋದು, ಸುಲಭ. ಫೈಲ್ ಮೆನು, ಎಕ್ಸ್‌ಪೋರ್ಟ್, ಕ್ರಿಯೇಟ್ ಎ ವಿಡಿಯೋ. ರೆಕಾರ್ಡ್ ಮಾಡಿದ ಟೈಮಿಂಗ್ ಮತ್ತೆ ದನಿ ಬಳಸು ಅನ್ನೋ ಆಯ್ಕೆ ಇದೆಯಾ ನೋಡ್ಕೊಳ್ಳಿ, ಬಳಸಬೇಡ ಅಂತ ಇದ್ರೆ ಆ ಕನ್ವರ್ಟರ್ ಸೈಟಿನ ಥರಾನೇ ಮೂಕ ವಿಡಿಯೋ, ಸ್ಲೈಡಿಗೆ ಐದೈದು ಸೆಕೆಂಡು. ಸೈಜಲ್ಲಿ 4ಕೆ, 1080, 720, 480 ಅಂತ ನಾಲ್ಕು ಸಿಗುತ್ತೆ. 1080 ಸಾಕು. 4ಕೆ ಕೊಟ್ರೆ ನಮ್ಮ ಹಳೇ ಲ್ಯಾಪ್‌ಟಾಪು ಏದುಸಿರು ಬಿಡೋಕೆ ಶುರು ಮಾಡ್ತು, ಅಕ್ಷರ ಇರೋ ಸ್ಲೈಡಿಗೆ ಅಷ್ಟೆಲ್ಲ ಯಾಕೆ. ಎಕ್ಸ್‌ಪೋರ್ಟ್ ಕೊಟ್ಟ ತಕ್ಷಣ ಮುಗೀತು ಅನ್ಕೋಬೇಡಿ, ಕೆಳಗಡೆ ಸ್ಟೇಟಸ್ ಬಾರಲ್ಲಿ ಒಂದು ಸಣ್ಣ ಗೆರೆ ತುಂಬ್ತಾ ಇರುತ್ತೆ, ಅದು ಮುಗಿಯೋ ತನಕ ಮುಚ್ಚೋ ಹಂಗಿಲ್ಲ. ಮೊದಲನೇ ದಿನ ನಾನು ಅದನ್ನ ಗಮನಿಸದೆ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋದೆ. ಬಂದು ನೋಡಿದ್ರೆ ವಿಡಿಯೋ ಇಲ್ಲ.

ಸ್ಲೈಡಿನ ಆಕಾರ ಇನ್ನೊಂದು. ಹಳೇ ಪಿಪಿಟಿಗಳು 4:3, ಅಂದ್ರೆ ಹಳೇ ಟಿವಿ ಆಕಾರ. 2013ರಿಂದ ಪವರ್‌ಪಾಯಿಂಟಿನ ಹೊಸ ಫೈಲು 16:9 ಆಗಿ ಬರುತ್ತೆ, ಯೂಟ್ಯೂಬಿನ ಪ್ಲೇಯರೂ ಅದೇ ಆಕಾರ. ಹಳೇದನ್ನ ಹಂಗೇ ವಿಡಿಯೋ ಮಾಡಿದ್ರೆ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ. ಬದಲಾಯಿಸೋದಾದ್ರೆ ರೆಕಾರ್ಡ್ ಮಾಡೋಕೆ ಮುಂಚೆ ಬದಲಾಯಿಸಿ, ಆಮೇಲೆ ಚಿತ್ರ ಎಲ್ಲ ಅತ್ತಿತ್ತ ಸರಿದಿರುತ್ತೆ, ಕೂತು ಜೋಡಿಸ್ಬೇಕು. ನಾವು ಆರು ಪಾಠಕ್ಕೆ ಮಾಡಿ ಸುಸ್ತಾಗಿ, ಉಳಿದವಕ್ಕೆ ಕಪ್ಪು ಪಟ್ಟಿ ಇದ್ರೆ ಇರ್ಲಿ ಬಿಡು ಅಂತ ಬಿಟ್ವಿ. ಯಾರೂ ಕೇಳಿಲ್ಲ ಇಲ್ಲಿವರೆಗೂ.

ಯೂಟ್ಯೂಬಿಗೆ ಬಂದ್ರೆ, ಹೊಸ ಚಾನೆಲ್ ಆದ್ರೆ 15 ನಿಮಿಷಕ್ಕಿಂತ ಉದ್ದದ ವಿಡಿಯೋ ತಗೊಳ್ಳಲ್ಲ, ಫೋನ್ ನಂಬರ್ ಕೊಟ್ಟು ವೆರಿಫೈ ಮಾಡ್ಬೇಕು. ವಿದ್ಯುಚ್ಛಕ್ತಿ ಪಾಠ 19 ನಿಮಿಷ ಇತ್ತು, ಅಲ್ಲಿ ಗೊತ್ತಾಯ್ತು. ನಮ್ಮನೇಲಿ ನೆಟ್‌ವರ್ಕ್ ಅನ್ನೋದು ಅಂಗಳದ ಮೂಲೆಯ ಹಲಸಿನ ಮರದ ಬುಡದಲ್ಲಿ ಮಾತ್ರ, ಹಂಗಾಗಿ ರಾತ್ರಿ ಊಟ ಆದ್ಮೇಲೆ ಅಲ್ಲಿ ಸ್ಟೂಲ್ ಹಾಕಿ ಫೋನಿನ ಹಾಟ್‌ಸ್ಪಾಟಲ್ಲಿ ಏರಿಸೋದು. ಒಂದು ಪುಣ್ಯ ಏನಂದ್ರೆ ಸ್ಲೈಡಿನ ವಿಡಿಯೋದಲ್ಲಿ ಚಿತ್ರ ಜಾಸ್ತಿ ಅಲ್ಲಾಡಲ್ಲ, ಹಂಗಾಗಿ ಫೈಲು ಚಿಕ್ಕದಿರುತ್ತೆ, ಅಷ್ಟೇ ಉದ್ದದ ಮದುವೆ ವಿಡಿಯೋ ಜತೆ ಹೋಲಿಸಿದ್ರೆ ಏನೂ ಅಲ್ಲ.

ಮೊದಲನೇ ವಿಡಿಯೋ ಏರಿದ ತಕ್ಷಣ ಚಿಕ್ಕಮ್ಮ ಫೋನಲ್ಲಿ ತೆಗೆದು "ಅಯ್ಯೋ, ಮಂಜು ಬಿದ್ದಂಗೆ ಕಾಣ್ತಿದೆ, ನಿನ್ನ ಕೆಲಸ ಇಷ್ಟೇಯಾ" ಅಂದ್ರು. ಗಾಬರಿ ಬೇಡ. ಯೂಟ್ಯೂಬ್ ಮೊದ್ಲು ಕಡಿಮೆ ಕ್ವಾಲಿಟಿಯ ಆವೃತ್ತಿ ಸಿದ್ಧ ಮಾಡಿ ತೋರಿಸುತ್ತೆ, ಎಚ್‌ಡಿ ಆಮೇಲೆ ಬರುತ್ತೆ. ಅದಕ್ಕೆ ನಾವೀಗ ಅನ್‌ಲಿಸ್ಟೆಡ್ (ಲಿಂಕ್ ಇದ್ದವ್ರಿಗೆ ಮಾತ್ರ ಕಾಣೋದು) ಅಂತ ಏರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಒಂದು ಸಲ ಪೂರ್ತಿ ನೋಡಿ ಆಮೇಲೆ ಪಬ್ಲಿಕ್ ಮಾಡ್ತೀವಿ. ಪೂರ್ತಿ ನೋಡೋದು ಯಾಕೆ ಅಂದ್ರೆ, ಏರಿಸಿದ ವಿಡಿಯೋದ ಜಾಗಕ್ಕೆ ತಿದ್ದಿದ ವಿಡಿಯೋ ತಂದು ಕೂರ್ಸೋಕೆ ಬರಲ್ಲ, ಬೇಡದ ಭಾಗ ಕತ್ತರಿಸ್ಬಹುದು ಅಷ್ಟೇ. ದನಿ ತಿದ್ದಬೇಕು ಅಂದ್ರೆ ಹೊಸ ವಿಡಿಯೋ, ಹೊಸ ಲಿಂಕು. ಆ ಪೀನ ಅಂದಿದ್ದ ಪಾಠದ ಲಿಂಕು ಆಗಲೇ ಮೂರು ಶಾಲೆಯ ವಾಟ್ಸಪ್ ಗ್ರೂಪಿಗೆ ಹೋಗಿತ್ತು, ಎಲ್ಲ ಕಡೆ "ದಯವಿಟ್ಟು ಹಳೇ ಲಿಂಕ್ ನೋಡಬೇಡಿ" ಅಂತ ಚಿಕ್ಕಮ್ಮ ಮೆಸೇಜ್ ಹಾಕಿದ್ರು, ಹಾಕಿದ್ಮೇಲೆ ಹಳೇದಕ್ಕೇ ವ್ಯೂಸ್ ಜಾಸ್ತಿ ಬಂತು.

ಏರಿಸೋವಾಗ ಇದು ಮಕ್ಕಳಿಗಾಗಿ ಮಾಡಿದ್ದಾ ಅಂತ ಕೇಳುತ್ತೆ. ಪಾಠ ಅಂದ್ರೆ ಮಕ್ಕಳಿಗೇ ತಾನೇ ಅಂತ ಹೌದು ಒತ್ತಿದ್ವಿ, ಕಾಮೆಂಟ್ ಬಂದ್ ಆಯ್ತು. ಆ ಪ್ರಶ್ನೆ ಹುಟ್ಟಿದ್ದು ಅಮೆರಿಕದ ಕಾನೂನಿಂದ, 13 ವರ್ಷಕ್ಕಿಂತ ಚಿಕ್ಕವ್ರ ಬಗ್ಗೆ ಇರೋದು ಅದು, 2020ರಿಂದ ಎಲ್ಲರೂ ಉತ್ತರ ಕೊಡಲೇಬೇಕು. ಎಸ್ಸೆಸ್ಸೆಲ್ಸಿ ಹುಡುಗರು ಅದಕ್ಕಿಂತ ದೊಡ್ಡವ್ರು, ಹಂಗಾಗಿ ಆಮೇಲೆ ಇಲ್ಲ ಅಂತ ಬದಲಾಯಿಸಿದ್ವಿ. ಕಾಮೆಂಟ್ ಬೇಕು ನಮಗೆ. ಹುಡುಗರು ಅಲ್ಲೇ ಡೌಟ್ ಕೇಳ್ತಾರೆ, ಚಿಕ್ಕಮ್ಮ ಹಲಸಿನ ಮರದ ಬುಡದಲ್ಲಿ ನಿಂತು ಒಂದೊಂದಕ್ಕೂ ಉತ್ತರ ಟೈಪ್ ಮಾಡ್ತಾರೆ.

ಇನ್ನೊಂದು ಚಿಕ್ಕ ಕೆಲಸ, ಬಹಳ ಉಪಯೋಗದ್ದು. ಡಿಸ್ಕ್ರಿಪ್ಶನಲ್ಲಿ 0:00 ಇಂದ ಶುರು ಮಾಡಿ ಯಾವ ನಿಮಿಷಕ್ಕೆ ಯಾವ ವಿಷಯ ಅಂತ ಸಾಲಾಗಿ ಬರೆದ್ರೆ ವಿಡಿಯೋ ಕೆಳಗಿನ ಗೆರೆ ತುಂಡು ತುಂಡಾಗಿ ಅಧ್ಯಾಯ ಥರ ಕಾಣುತ್ತೆ. ಕನಿಷ್ಠ ಮೂರು ಇರ್ಬೇಕು, ಒಂದೊಂದೂ 10 ಸೆಕೆಂಡಿಗೆ ಕಡಿಮೆ ಇರಬಾರದು. ಪರೀಕ್ಷೆ ಹಿಂದಿನ ರಾತ್ರಿ ಕಿರಣ ಚಿತ್ರ ಮಾತ್ರ ನೋಡ್ಬೇಕು ಅನ್ನೋ ಹುಡುಗ ನೇರ ಅಲ್ಲಿಗೇ ಹೋಗ್ತಾನೆ. ಶುರುವಿಗೆ ಒಂದು ಭಾವಗೀತೆ ಹಾಕೋಣ ಅಂತ ಚಿಕ್ಕಮ್ಮನ ಆಸೆ ಇತ್ತು, ಕಾಪಿರೈಟ್ ಕ್ಲೇಮ್ ಬರುತ್ತೆ ಅಂತ ನಾನು ಬೇಡ ಅಂದೆ. ಯೂಟ್ಯೂಬಿನ ಆಡಿಯೋ ಲೈಬ್ರರೀಲಿ ಫ್ರೀ ಸಂಗೀತ ಇದೆ, ಅದನ್ನ ಕೇಳಿ "ಇದು ಲಿಫ್ಟಿನ ಒಳಗೆ ಹಾಕ್ತಾರಲ್ಲ ಅದು" ಅಂದ್ರು. ಕೊನೆಗೆ ಸಂಗೀತವೇ ಇಲ್ಲ.

ಸ್ಟಾರ್ ಕೊಡಿ ಅಂದ್ರೆ ರೆಕಾರ್ಡಿಂಗಿಗೆ ಐದಕ್ಕೆ ನಾಲ್ಕೂವರೆ, ಎಕ್ಸ್‌ಪೋರ್ಟಿಗೆ ನಾಲ್ಕು. ಓಬಿಎಸ್‌ಗೂ ನಾಲ್ಕೇ, ಬಾಯಿ ತಡವರಿಸದೆ ಮಾತಾಡೋವ್ರು ಆದ್ರೆ ಅದಕ್ಕೇ ಹೋಗಿ. ಕನ್ವರ್ಟರ್ ಸೈಟಿಗೆ ಒಂದು. ಮದುವೆ ಸ್ಟುಡಿಯೋಗೆ ಎಷ್ಟು ಕೊಡ್ಬೇಕು ಅಂತ ಚಿಕ್ಕಪ್ಪನ್ನ ಕೇಳಿದೆ. "ಐದಕ್ಕೆ ಐದು ಕೊಡು, ಇಷ್ಟು ವರ್ಷದಲ್ಲಿ ನಿನ್ನ ಚಿಕ್ಕಮ್ಮನ ಪಾಠ ನಾನು ಪೂರ್ತಿ ನೋಡಿದ್ದು ಅದೊಂದೇ" ಅಂದ್ರು.

23ನೇ ಪಾಠ, ಮಾನವನ ಕಣ್ಣು, ಒಂಬತ್ತನೇ ಸ್ಲೈಡಿಗೆ ನಿಂತಿದೆ. ಮೊನ್ನೆಯಿಂದ ಮಳೆ ಬಿಟ್ಟಿಲ್ಲ, ಕತ್ತಲೆ ಕೋಣೆಗೂ ತಗಡಿನ ಸದ್ದು ಬರ್ತಿದೆ. ಚಿಕ್ಕಮ್ಮ ದಿನಾ ಸಂಜೆ ಮೈಕ್ ಸಿಕ್ಕಿಸ್ಕೊಂಡು, ಬಳೆಗೆ ಕರ್ಚೀಫ್ ಕಟ್ಕೊಂಡು ಒಂದು ಹತ್ತು ನಿಮಿಷ ಕೂತಿರ್ತಾರೆ, ನಾನು ಹೆಡ್‌ಫೋನಲ್ಲಿ ಕೇಳಿ ತಲೆ ಅಲ್ಲಾಡಿಸಿದ್ರೆ ಎದ್ದು ಹೋಗ್ತಾರೆ.